ಸಿನಿಮಾದ ಬಾಬಾ

ಕುಹೇಲಿ ಅಂಗಳದ ಜಗುಲಿಯಲ್ಲಿ ಈಳಿಗೆಮಣೆಯ ಮುಂದೆ ಕೂತು ಮೀನು ಹೆರೆಯುತ್ತಿದ್ದಳು. ಜಾರದಿರಲೆಂದು ಕೈಗೆ ಬೂದಿ ಹಚ್ಚಿಕೊಂಡಿದ್ದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಒಳಗೆ ಮಗಳು ಟಿಯಾ ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು. ಎಲ್ಲಾ ದಿನದಂತೆಯೇ ಒಂದು ಬೆಳಗು.

ಅಷ್ಟರಲ್ಲಿ ಬೇಲಿಯ ಆಚೆಯಿಂದ ಗಂಡಸಿನ ದನಿ ಕೇಳಿಸಿತು.

"ಮನೇಲಿ ಯಾರಿದ್ದೀರಿ? ಟಿಯಾಳ ಬಾಬಾ ಬಂದಿದ್ದೀನಿ!"

ಕುಹೇಲಿಯ ಕೈಯಿಂದ ಮೀನು ಜಾರಿ ಅಂಗಳಕ್ಕೆ ಬಿತ್ತು.

ಟಿಯಾಳ ಬಾಬಾ... ಟಿಯಾಳ ಅಪ್ಪ! ಆ ಮಾತನ್ನು ಈ ಅಂಗಳದಲ್ಲಿ ಯಾರಾದರೂ ಆಡಿ ವರ್ಷಗಳೇ ಆಗಿದ್ದವು.

ಅವಳು ಎದ್ದು ನಿಂತಳು. ಬೇಲಿಯ ಗೇಟಿನ ಬಳಿ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಎತ್ತಿ ಕಟ್ಟಿದ ಲುಂಗಿ, ಹೆಗಲ ಮೇಲೆ ಗಮ್ಚಾ ಟವೆಲ್, ಕುರುಚಲು ಗಡ್ಡ. ನೋಡಿದರೆ ದೋಣಿ ನಡೆಸುವವನ ವೇಷ. ಆದರೆ ಪಾದಗಳು ಮಾತ್ರ ಕೆಸರು ಕಾಣದ ಪಟ್ಟಣದ ಪಾದಗಳು.

"ಏನಂದ್ರಿ?" ಅವಳು ಕೇಳಿದಳು.

"ಟಿಯಾಳ ಬಾಬಾ..." ಅವನ ನಗು ಅರ್ಧಕ್ಕೇ ನಿಂತಿತು.

"ಟಿಯಾಳ ಬಾಬಾ ತೀರಿಕೊಂಡಿದ್ದಾರೆ. ಅವಳು ಅಂಬೆಗಾಲಿಡೋಕೂ ಮುಂಚೆ. ನೀವ್ಯಾರು?"

ಅವನು ತಟ್ಟನೆ ಎರಡೂ ಕೈ ಜೋಡಿಸಿದ.

"ಕ್ಷಮಿಸಿ... ದೇವರಾಣೆ, ನನಗೆ ಯಾರೂ ಹೇಳಲಿಲ್ಲ! ನಾನು ಶೌನಕ. ಸಿನಿಮಾದವನು. ಹಿರಣ್‌ದಾನೇ ಕಳಿಸಿದ್ದು, ಮಗುವಿನ ಮನೆ ಮುಂದೆ ಹೋಗಿ ಹೀಗೇ ಕೂಗು ಅಂತ. ಅವರಿಗೂ ಗೊತ್ತಿಲ್ಲ ಅನ್ಸುತ್ತೆ..."

ಸಿನಿಮಾ! ಕುಹೇಲಿಗೆ ಆಗ ಹೊಳೆಯಿತು. ಹಿಂದಿನ ದಿನ ತಾನೇ ಟಿಯಾ ಶಾಲೆಯಿಂದ ಓಡಿಬಂದು ಕುಣಿದಿದ್ದಳು. ಬಲಾಗಢದ ನದಿದಂಡೆಯಲ್ಲಿ ಚಿತ್ರ ತೆಗೆಯಲು ಬಂದಿದ್ದ ನಿರ್ದೇಶಕ ಹಿರಣ್‌ದಾ ಅವಳನ್ನು ಫುಲಿಯ ಪಾತ್ರಕ್ಕೆ ಆರಿಸಿದ್ದರು.

ಫುಲಿ ಯಾರಿಗೆ ಗೊತ್ತಿಲ್ಲ? ಅಜ್ಜಿಯರು ಮೊಮ್ಮಕ್ಕಳಿಗೆ ಓದಿ ಹೇಳುವ, ಹೊಲಿಗೆ ಬಿಟ್ಟುಹೋದ ಆ ಹಳೆಯ ಪುಸ್ತಕ ಇಲ್ಲದ ಮನೆಯೇ ಇರಲಿಲ್ಲ. ಪ್ರವಾಹದಲ್ಲಿ ಕೊಚ್ಚಿಹೋದ ಅಂಬಿಗ ಅಪ್ಪನನ್ನು ಹುಡುಕುತ್ತಾ ಪುಟ್ಟ ಹುಡುಗಿ ಫುಲಿ ಮುರುಕು ದೋಣಿಯಲ್ಲಿ ಊರೂರು ಅಲೆಯುತ್ತಾಳೆ. ಕೊನೆಗೆ ಒಂದು ಮರಳುದಿಬ್ಬದ ಮೇಲೆ, ತನ್ನ ಹೆಸರನ್ನೇ ಮರೆತು ಕೂತ ಅಪ್ಪ ಅವಳಿಗೆ ಸಿಗುತ್ತಾನೆ. "ಬಾಬಾ!" ಎಂದು ಅವಳು ಕೂಗುತ್ತಾಳೆ. ಅವನು ತಿರುಗುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಒಂಟಿ ಬೂಟಿನಲ್ಲಿ ಕುಂಟುತ್ತಾ ಟಿಯಾ ಹೊರಗೆ ಓಡಿಬಂದಳು.

"ನೀನೇನಾ ಸಿನಿಮಾದ ಬಾಬಾ?"

ಶೌನಕ ನೆಲಕ್ಕೆ ಮಂಡಿಯೂರಿದ. "ಹೂಂ. ಆದ್ರೆ ನಿಮ್ಮಮ್ಮ ಬೇಡ ಅಂದ್ರೆ ಈಗ್ಲೇ ವಾಪಸ್ ಹೋಗ್ತೀನಿ."

ಟಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ದೋಣಿ ನಡೆಸೋಕೆ ಬರುತ್ತಾ?"

"ಇಲ್ಲ."

"ಈಜು?"

"ಅದೂ ಇಲ್ಲ."

"ಮಾ! ಈ ಬಾಬಾಗೆ ಏನೂ ಬರಲ್ಲ!"

ಒಳಗಿನಿಂದ ಅತ್ತೆ ನಗುತ್ತಾ ಸೊಸೆಯನ್ನು ಕರೆದರು. "ಬೌಮಾ, ಬಂದವರಿಗೆ ಚಹಾ ಕೊಡೇ. ಹಾಗೇ ಅಂಗಳ ನೋಡು, ಮೀನು ಬೆಕ್ಕಿನ ಪಾಲಾಯ್ತು!"

* * *

ಹಿರಣ್‌ದಾ ಮನೆಗೇ ಬಂದು ಅತ್ತೆ ಸೊಸೆ ಇಬ್ಬರ ಕ್ಷಮೆ ಕೇಳಿದರು. ಆಮೇಲೆ ತಮ್ಮ ಕೆಲಸದ ರೀತಿಯನ್ನು ವಿವರಿಸಿದರು. ಮಕ್ಕಳಿಗೆ ಅವರು ನಟನೆ ಕಲಿಸುವುದಿಲ್ಲವಂತೆ. ಚಿತ್ರೀಕರಣ ಮುಗಿಯುವವರೆಗೆ, ಊಟದಲ್ಲೂ ಆಟದಲ್ಲೂ, ಟಿಯಾ ಶೌನಕನನ್ನು ಬಾಬಾ ಎಂದೇ ಕರೆಯಬೇಕು.

"ಹಾಗಾದ್ರೆ ಕ್ಯಾಮೆರಾ ಮುಂದೆ ಆ ಮಾತು ತಾನಾಗೇ ಬರುತ್ತೆ ಕುಹೇಲಿ. ಆದ್ರೆ ನಿನ್ನ ವಿಷಯ ಬೇರೆ. ಬೇಡ ಅಂದ್ರೆ ಬೇಡ."

ಕುಹೇಲಿ ಮಗಳ ಮುಖ ನೋಡಿದಳು. ಆ ಮಗು ಈವರೆಗೆ ಯಾರನ್ನೂ ಹಾಗೆ ಕರೆದಿರಲಿಲ್ಲ. ಈಗ ತುಟಿಯಲ್ಲೇ, ದನಿಯಿಲ್ಲದೆ, ಆ ಎರಡಕ್ಷರವನ್ನು ಹೇಳಿ ಹೇಳಿ ನೋಡುತ್ತಿತ್ತು.

'ಸಿನಿಮಾ ಮುಗಿಯೋವರೆಗೆ ತಾನೇ...' ಎಂದುಕೊಂಡು ಅವಳು ತಲೆಯಾಡಿಸಿದಳು.

ಆಮೇಲಿನ ದಿನಗಳು ಹಬ್ಬದಂತೆ ಕಳೆದವು. ಕುಹೇಲಿ ಮಧ್ಯಾಹ್ನ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದಳು. ಅದು ಮುಗಿದೊಡನೆ ಬುತ್ತಿ ಹಿಡಿದು ನದಿಗೆ ನಡೆಯುತ್ತಿದ್ದಳು. ಅಲ್ಲಿ ಶೌನಕ ಹುಟ್ಟು ಹಾಕುವುದನ್ನು ಕಲಿಯುತ್ತಿದ್ದ. ದೋಣಿ ನಿಂತಲ್ಲೇ ಬುಗುರಿಯಂತೆ ತಿರುಗುತ್ತಿತ್ತು. ದಂಡೆಯಲ್ಲಿ ದೋಣಿ ಕಟ್ಟುವ ಬಡಗಿಗಳು ಉಳಿ ಕೆಳಗಿಟ್ಟು ನೋಡುತ್ತಿದ್ದರು.

"ಏ ಅಂಬಿಗಣ್ಣ! ದೋಣಿ ನಡೆಸ್ತಿದ್ದೀಯೋ, ಪಾಯಸ ಕಲಕ್ತಿದ್ದೀಯೋ?"

"ಪಾಯಸಾನೇ ದಾದಾ! ಸಕ್ಕರೆ ತಗೊಂಡು ಬನ್ನಿ!" ಎಂದು ಅವನು ಕೂಗಿ ಹೇಳುತ್ತಿದ್ದ. ಟಿಯಾ ದೋಣಿಯಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು.

ಒಂದು ಸಂಜೆ ಟಿಯಾ ಅವನ ಕೈ ಹಿಡಿದು ಎಳೆದುಕೊಂಡು ಬಂದಳು. "ಮಾ, ಬಾಬಾನ ಕೈ ನೋಡು! ಎಷ್ಟು ಬೊಬ್ಬೆ! ಎಣ್ಣೆ ಹಚ್ಚು."

ಕುಹೇಲಿ ಅರಿಶಿನ ಹಾಕಿ ಎಣ್ಣೆ ಬಿಸಿ ಮಾಡಿ ತಂದಳು. ಬಟ್ಟಲು ಅವನ ಮುಂದಿಟ್ಟು ದೂರ ನಿಂತಳು. ಎರಡು ಕೈಯಲ್ಲೂ ಬೊಬ್ಬೆ, ಅವನಾದರೂ ಹೇಗೆ ಹಚ್ಚಿಕೊಂಡಾನು? ಕೊನೆಗೆ ಅವಳೇ ಕೂತಳು. ತಲೆ ಎತ್ತದೆ ಹತ್ತಿಯಿಂದ ಮೆಲ್ಲಗೆ ಒತ್ತಿದಳು.

"ನೋಯುತ್ತಾ?"

"ಇಲ್ಲ." ಅವನೆಂದ, "ಮೊದಲ ದಿನ ಟಿಯಾ ಬಾಬಾ ಅಂತ ಕೂಗಿದಾಗ ನಾನು ಹಿಂದೆ ತಿರುಗಿ ನೋಡಿದ್ದೆ. ಬೇರೆ ಯಾರನ್ನೋ ಕರೀತಿದ್ದಾಳೆ ಅಂತ. ಈಗ... ಈಗ ಬೇರೆ ಯಾವ ಮಗು ಕೂಗಿದ್ರೂ ತಿರುಗಿ ನೋಡ್ತೀನಿ."

ಕುಹೇಲಿಯ ಬೆರಳು ಒಂದು ಕ್ಷಣ ನಿಂತಿತು. ಎದೆಯೊಳಗೆ ಎಷ್ಟೋ ಕಾಲದಿಂದ ಮುಚ್ಚಿದ್ದ ಕಿಟಕಿ ಗಾಳಿಗೆ ಅಲುಗಿದಂತಾಯಿತು. ಅವಳು ಬೇಗ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

'ಬೇಡ ಕುಹೇಲಿ... ಸಿನಿಮಾದವರು ಹೊರಟುಹೋಗ್ತಾರೆ.'

* * *

ಕಾಳಿಪೂಜೆಯ ಹಿಂದಿನ ದಿನ ಕೊನೆಯ ದೃಶ್ಯ. ಮರಳುದಿಬ್ಬದ ಮೇಲೆ ಟಿಯಾ ಓಡಿದಳು, "ಬಾಬಾ!" ಎಂದು ಕೂಗಿದಳು. ಶೌನಕ ತಿರುಗಿ ನೋಡಿದ ಆ ನೋಟಕ್ಕೆ ಬಡಗಿಗಳೂ ಕಣ್ಣೊರೆಸಿಕೊಂಡರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಣ್‌ದಾ ಟಿಯಾಳನ್ನು ಎತ್ತಿಕೊಂಡು ಮುದ್ದಿಸಿದರು.

"ಭೇಷ್ ನನ್ನ ರಾಣಿ! ನಮ್ಮ ಆಟ ಮುಗೀತು. ಇನ್ನು ಬಾಬಾ ಅನ್ನೋದು ಬೇಡ, ಆಯ್ತಾ? ಇನ್ಮೇಲೆ ಶೌನಕ ಕಾಕು, ಚಿಕ್ಕಪ್ಪ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಟಿಯಾಳ ನಗು ಅಲ್ಲೇ ಆರಿಹೋಯಿತು.

ಅಂದಿನಿಂದ ಅವಳು ಶೌನಕನನ್ನು ಏನೆಂದೂ ಕರೆಯಲಿಲ್ಲ! ಬಾಬಾ ಎನ್ನಲಿಲ್ಲ, ಕಾಕು ಎನ್ನಲಿಲ್ಲ. ಏನಾದರೂ ಬೇಕಾದರೆ ಹತ್ತಿರ ಹೋಗಿ ಅಂಗಿಯ ಚುಂಗು ಎಳೆಯುತ್ತಿದ್ದಳು. ಅವನಿಗೆ ಏನಾದರೂ ಹೇಳಬೇಕಾದರೆ ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದಳು. ಬಾಯಿಯ ತನಕ ಏನೋ ಬರುತ್ತಿತ್ತು, ಮತ್ತೆ ನುಂಗಿಕೊಳ್ಳುತ್ತಿದ್ದಳು.

ಮಗಳ ಆ ಮೌನ ಕುಹೇಲಿಗೆ ಮುಳ್ಳಿನಂತೆ ಚುಚ್ಚಿತು. ಆ ಮಾತನ್ನು ಮಗುವಿಗೆ ಕೊಟ್ಟವರೂ ದೊಡ್ಡವರೇ, ಕಿತ್ತುಕೊಂಡವರೂ ದೊಡ್ಡವರೇ...

ಸಿನಿಮಾದವರ ಉಡುಪು ನೋಡಿಕೊಳ್ಳುತ್ತಿದ್ದ ಬುಲುದೀದಿ ಅಂಗಿಗಳನ್ನು ಮಡಿಸುತ್ತಾ ಒಂದು ಉಪಾಯ ಹೇಳಿದಳು.

"ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀಯೇ? ಕಾಳಿಪೂಜೆ ಕಳೀತಿದ್ದ ಹಾಗೆ ಭಾಯ್ ಫೋಂಟಾ, ಅಣ್ಣತಮ್ಮಂದಿರ ಹಬ್ಬ. ಸಾಮಾನು ಸಾಗಿಸೋಕೆ ಹುಡುಗರೆಲ್ಲ ಇಲ್ಲೇ ಇರ್ತಾರೆ. ಅವರ ಜೊತೆ ಶೌನಕನ್ನೂ ಕೂರಿಸಿ ಹಣೆಗೆ ಗಂಧ ಇಟ್ಟುಬಿಡು. ನಿನಗೆ ಅಣ್ಣ ಆಗ್ತಾನೆ, ಟಿಯಾಗೆ ಸೋದರಮಾವ. ಮಗುವಿಗೆ ಕರೆಯೋಕೆ ಒಂದು ಹೆಸರೂ ಸಿಕ್ತು, ಊರವರ ಬಾಯಿಗೆ ಬೀಗವೂ ಬಿತ್ತು!"

ಕುಹೇಲಿ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು. ಅಣ್ಣ?

ಆದರೆ ಮಗಳಿಗೆ? ಮಾವ ಎಂದರೆ ಯಾರೂ ಕಿತ್ತುಕೊಳ್ಳಲಾಗದ ನಂಟು. ತನ್ನ ಎದೆಯೊಳಗೆ ಏನಿದ್ದರೇನು, ಅದು ಯಾರಿಗೂ ಕಾಣುವುದಿಲ್ಲವಲ್ಲ.

"ಆಯ್ತು ದೀದಿ," ಎಂದಳು.

ಹಬ್ಬದ ಬೆಳಿಗ್ಗೆ ಅವಳು ಗಂಧ ತೇಯ್ದಳು, ಗರಿಕೆ ಮತ್ತು ಭತ್ತವನ್ನು ತಟ್ಟೆಯಲ್ಲಿಟ್ಟಳು. ಜಗುಲಿಯ ಮೇಲೆ ಸಾಲಾಗಿ ಚಾಪೆ ಹಾಸಿದಳು. ಅಕ್ಕತಂಗಿಯರಿಂದ ದೂರ ಉಳಿದ ಸಿನಿಮಾ ಹುಡುಗರು ಸ್ನಾನ ಮಾಡಿ, ಶುಭ್ರ ಕುರ್ತಾ ತೊಟ್ಟು ಬಂದು ಕೂತರು. ಕೊನೆಯ ಚಾಪೆ ಖಾಲಿ ಇತ್ತು.

"ಶೌನಕ ಎಲ್ಲಿ?"

ಬುಲುದೀದಿ ಓಡಿ ಹೋಗಿ ನೋಡಿಕೊಂಡು ಬಂದಳು. "ಅಯ್ಯೋ, ಮೊದಲ ರೈಲಿಗೇ ಕಲ್ಕತ್ತಕ್ಕೆ ಹೋದನಂತೆ! ಚಾಪೆ ಹಾಸ್ತಾರೆ, ಸ್ನಾನ ಮಾಡಿ ಬಾ ಅಂತ ನಿನ್ನೆ ಸಂಜೆ ಅಷ್ಟು ಹೇಳಿದ್ದೆ. ಹೂಂ ಅಂದಿದ್ದ!"

ಕುಹೇಲಿ ಎಡಗೈಯ ಕಿರುಬೆರಳಿನಿಂದ ಒಬ್ಬೊಬ್ಬರ ಹಣೆಗೂ ಗಂಧ ಇಟ್ಟಳು. ಯಮ ನಿಮ್ಮ ಹತ್ತಿರ ಸುಳಿಯದಿರಲಿ ಎಂದು ಹರಸಿದಳು. ಸಿಹಿ ಬಡಿಸಿದಳು, ನಕ್ಕಳು. ಎಲ್ಲರೂ ಹೋದ ಮೇಲೆ ಬಾವಿಯ ಬಳಿ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು.

'ಹೇಳದೆ ಹೋದ... ತಂಗಿಯಾಗಿಯೂ ಬೇಡವಾದೆನೇ? ಹೌದು, ಗಂಡನ ಆಯಸ್ಸನ್ನೇ ಕಾಯಲಾಗದವಳು ಅಣ್ಣನ ಆಯಸ್ಸಿಗೆ ಏನು ಹರಸಿಯಾಳು ಅಂದುಕೊಂಡಿರಬೇಕು. ಎಷ್ಟೇ ಓದಿದರೇನು, ಇವರೂ ಅಷ್ಟೇ!'

ಟಿಯಾ ಖಾಲಿ ಚಾಪೆಯ ಮೇಲೆ ಒಬ್ಬಳೇ ಕೂತಿದ್ದಳು. ಅವಳ ಪಾಲಿನ ಸಂದೇಶ್ ಸಿಹಿ ತಟ್ಟೆಯಲ್ಲೇ ಉಳಿದಿತ್ತು.

* * *

ಚಳಿಗಾಲದಲ್ಲಿ ಹಿರಣ್‌ದಾ ಫೋನ್ ಮಾಡಿದರು. ನದಿಯ ಮೇಲಿನ ಲಾಂಚ್‌ಗಳ ಸದ್ದಿನಿಂದ ಧ್ವನಿ ಕೆಟ್ಟಿತ್ತಂತೆ. ಟಿಯಾ ಕಲ್ಕತ್ತದ ಟಾಲಿಗಂಜ್‌ನ ಸ್ಟುಡಿಯೋಗೆ ಬಂದು ತನ್ನ ಮಾತುಗಳನ್ನು ಮತ್ತೆ ಹೇಳಬೇಕಿತ್ತು.

ಅತ್ತೆಯೂ ಹೊರಟರು, ಡಬ್ಬಿ ತುಂಬ ಖರ್ಜೂರದ ಬೆಲ್ಲದ ಪಾಟಿಸಾಪ್ಟಾ ಎಂಬ ಸಿಹಿ ಸುರುಳಿ ತುಂಬಿಕೊಂಡು.

ಗಾಜಿನ ಗೋಡೆಯ ಆಚೆ, ಎತ್ತರದ ಸ್ಟೂಲಿನ ಮೇಲೆ, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಟಿಯಾ ಕೂತಳು. ಪರದೆಯ ಮೇಲೆ ತನ್ನನ್ನೇ ನೋಡಿ ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ಒಂದೊಂದೇ ಮಾತನ್ನು ಚುರುಕಾಗಿ ಹೇಳಿ ಮುಗಿಸಿದಳು.

ಕೊನೆಗೆ ಮರಳುದಿಬ್ಬ ಬಂತು. ಪರದೆಯ ಮೇಲೆ ಫುಲಿ ಓಡಿದಳು, ಬಾಯಿ ತೆರೆದಳು.

ಟಿಯಾ ತೆರೆಯಲಿಲ್ಲ.

"ಮತ್ತೊಮ್ಮೆ, ರಾಣಿ," ಎಂದರು ಹಿರಣ್‌ದಾ.

ಫುಲಿ ಮತ್ತೆ ಓಡಿದಳು. ಟಿಯಾಳ ತುಟಿ ನಡುಗಿತು, ದನಿ ಬರಲಿಲ್ಲ. ಮತ್ತೆ, ಮತ್ತೂ ಒಮ್ಮೆ... ಮಗು ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿತು.

"ಸ್ವಲ್ಪ ಹೊತ್ತು ಬಿಡೋಣ," ಹಿರಣ್‌ದಾ ಕುಹೇಲಿಯತ್ತ ತಿರುಗಿ ಮೆಲ್ಲಗೆ ಹೇಳಿದರು. "ಬೈಬೇಡ. ಆಗೋದೇ ಇಲ್ಲ ಅಂದ್ರೆ ಬೇರೆ ಮಗುವಿನ ದನಿ ಹಾಕೋಣ. ಆ ಮಾತು ಇಲ್ದೆ ಪುಸ್ತಕವೂ ಇಲ್ಲ, ಸಿನಿಮಾವೂ ಇಲ್ಲ."

ಬೇರೆ ಮಗುವಿನ ದನಿಯೇ? ಕುಹೇಲಿ ತಡೆಯಲಾರದೆ ಹೊರಗಿನ ಪಡಸಾಲೆಗೆ ಬಂದಳು.

ಎದುರಿಗೆ ಶೌನಕ ನಿಂತಿದ್ದ! ಗಡ್ಡ ಬೋಳಿಸಿದ್ದ, ಸ್ವಲ್ಪ ಇಳಿದುಹೋಗಿದ್ದ. ತನ್ನ ಮಾತುಗಳನ್ನು ಹೇಳಲು ಬಂದಿದ್ದನೆಂದು ಕಾಣುತ್ತದೆ. ಅವಳನ್ನು ಕಂಡೊಡನೆ ಒಂದು ಹೆಜ್ಜೆ ಮುಂದೆ ಬಂದು ನಿಂತ.

"ಚೆನ್ನಾಗಿದ್ದೀರಾ? ಟಿಯಾ... ಟಿಯಾ ಹೇಗಿದ್ದಾಳೆ?"

"ಕೇಳ್ತೀರಾ ನೀವು?" ಇಷ್ಟು ದಿನ ಅದುಮಿಟ್ಟ ಸಿಟ್ಟು ಕುಹೇಲಿಯ ಕಣ್ಣಲ್ಲಿ ನೀರಾಗಿ ಬಂತು. "ಅವಳ ಬಾಯಿಂದ ಆ ಒಂದು ಮಾತು ಬರ್ತಿಲ್ಲ ಒಳಗೆ! ನಿಮ್ಮನ್ನ ಏನಂತ ಕರೀಬೇಕು ಅಂತ ಅವಳಿಗೆ ಗೊತ್ತಿಲ್ಲ. ಅದಕ್ಕೇ ಅವತ್ತು ನಿಮಗೂ ಚಾಪೆ ಹಾಸಿದ್ದೆ. ಅವಳಿಗೆ ಒಂದು ಹೆಸರು ಸಿಗಲಿ ಅಂತ!"

"ಕುಹೇಲಿ..."

"ವಿಧವೆ ಕೈಯ ಗಂಧ ಬೇಡ ಅನ್ನಿಸಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಕಳ್ಳನ ಹಾಗೆ ಓಡಿಹೋದ್ರಲ್ಲ!"

ಶೌನಕ ಕಣ್ಣು ಪಿಳಿಪಿಳಿ ಬಿಟ್ಟ. "ವಿಧವೆ ಕೈಯ...? ಹಾಗಂದ್ಕೊಂಡ್ರಾ ನೀವು? ಇಷ್ಟು ದಿನ?"

"ಮತ್ತೇನಂದ್ಕೋಬೇಕಿತ್ತು?"

"ಅಯ್ಯೋ ದೇವರೇ!" ಅವನು ತಲೆ ಮೇಲೆ ಕೈ ಹೊತ್ತ. "ಆ ಬೆರಳು ನನ್ನ ಹಣೆಗೆ ತಾಗಿದ್ರೆ ಜನ್ಮವಿಡೀ ನಿಮಗೆ ಅಣ್ಣ ಆಗಿರಬೇಕಿತ್ತು! ಗಂಧ ಒರೆಸಿದ್ರೆ ಹೋಗುತ್ತೆ, ಆ ನಂಟು ಹೋಗುತ್ತಾ? ಬೇರೆ ಯಾರು ಇಟ್ಟಿದ್ರೂ ಕೂರ್ತಿದ್ದೆ. ನಿಮ್ಮ ಕೈಯಿಂದ ಮಾತ್ರ..." ದನಿ ಇಳಿಯಿತು. "ನನಗೆ ನಿಮ್ಮ ಅಣ್ಣ ಆಗೋದು ಬೇಡವಾಗಿತ್ತು, ಕುಹೇಲಿ. ಅದಕ್ಕೇ ಓಡಿದೆ."

ಕುಹೇಲಿ ಅಂಗೈಯಿಂದ ಕಣ್ಣೀರು ಒರೆಸಿಕೊಂಡಳು.

"ಹಾಗಿದ್ರೆ... ಯಾಕೆ ಒಂದು ಮಾತೂ ಹೇಳಲಿಲ್ಲ?"

"ನೀವೇ ತಟ್ಟೆ ಹಿಡಿದು ನಿಲ್ತೀರಿ ಅಂತ ಗೊತ್ತಾದ ಮೇಲೆ ಏನು ಹೇಳಲಿ? ನಿಮ್ಮ ಮನಸ್ಸಲ್ಲಿ ನಾನು ಅಷ್ಟೇ ಅಂದ್ಕೊಂಡೆ. ಅಣ್ಣ ಅಂತ ಅಂದ್ಕೊಂಡವರ ಮನೆ ಬಾಗಿಲಿಗೆ ಬೇರೆ ಆಸೆ ಇಟ್ಕೊಂಡು ಬರೋದು ತಪ್ಪಲ್ವಾ?"

"ಅಂತೂ ಬಾಯಿಬಿಟ್ಟನಪ್ಪ!"

ಇಬ್ಬರೂ ಬೆಚ್ಚಿ ತಿರುಗಿದರು. ಮೂಲೆಯ ಬೆಂಚಿನ ಮೇಲೆ ಅತ್ತೆ, ತೊಡೆಯ ಮೇಲೆ ತಿಂಡಿಯ ಡಬ್ಬಿ ಇಟ್ಟುಕೊಂಡು ಕೂತಿದ್ದರು.

"ಅವತ್ತು ಖಾಲಿ ಚಾಪೆ ನೋಡಿದಾಗ್ಲೇ ನನಗೆ ಗೊತ್ತಾಯ್ತು. ನನ್ನ ಕಾಲದಲ್ಲೂ ಫೋಂಟಾ ದಿನ ಒಬ್ಬ ಹೀಗೇ ಗೋಡೆ ಹಾರಿ ಓಡಿದ್ದ. ಮುಂದಿನ ವರ್ಷ ಅವನನ್ನೇ ಮದುವೆ ಆದೆ!"

"ಮಾ! ಮತ್ತೆ ನನಗೆ ಯಾಕೆ ಹೇಳಲಿಲ್ಲ?" ಕುಹೇಲಿಗೆ ಅಳುವೋ ನಗುವೋ ತಿಳಿಯಲಿಲ್ಲ.

"ನಾನು ನಿನ್ನತ್ತೆ ಕಣೇ. ನಾನೇ ಬಾಯಿ ತೆಗೆದಿದ್ರೆ, ಮುದುಕಿ ನನ್ನನ್ನ ಮನೆಯಿಂದ ಕಳಿಸ್ತಿದ್ದಾಳೆ ಅಂತ ನೀನು ಅಂದ್ಕೋತಿದ್ದೆ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಮಗ ಹೋದ. ಅವನ ಹಿಂದೆ ಅರ್ಧ ನೀನೂ ಹೋದೆ. ಅವನನ್ನಂತೂ ತರೋಕಾಗಲ್ಲ. ನಿನ್ನ ಅರ್ಧಾನಾದ್ರೂ ವಾಪಸ್ ಬರಲಿ, ಬೌಮಾ. ನನಗೆ ಅಷ್ಟು ಸಾಕು."

ಕುಹೇಲಿ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ವರ್ಷಗಳ ಭಾರ ಕರಗಿ ಹರಿದುಹೋಗುವ ಅಳು. ಅತ್ತೆಯ ಒರಟು ಕೈ ಅವಳ ತಲೆ ಸವರುತ್ತಲೇ ಇತ್ತು. ಅಳು ಮುಗಿದಾಗ ಎದೆ ಎಷ್ಟು ಹಗುರಾಗಿತ್ತೆಂದರೆ, ಅವಳಿಗೆ ಅಲ್ಲೇ ನಗು ಬಂತು.

"ಏಳೇ, ಪಾಟಿಸಾಪ್ಟಾ ಅಪ್ಪಚ್ಚಿ ಆಯ್ತು!" ಎಂದರು ಅತ್ತೆ.

ಅವಳು ಎದ್ದು ಶೌನಕನ ಮುಂದೆ ನಿಂತಳು. ಮೊದಲ ಸಲ ತಲೆ ತಗ್ಗಿಸದೆ ಅವನನ್ನು ನೋಡಿದಳು.

"ನನಗೂ ತಂಗಿಯಾಗೋಕೆ ಇಷ್ಟ ಇರಲಿಲ್ಲ," ಎಂದಳು ಮೆಲ್ಲಗೆ. "ಗಂಧ ತೇಯ್ತಾ ಇರುವಾಗ ಇಡೀ ಹೊತ್ತು, ನೀವು ಬರದೇ ಇರಲಿ ಅಂತ ಬೇಡ್ಕೊಂಡಿದ್ದೆ. ಬರಲಿಲ್ಲ ಅಂತ ಅತ್ತವಳೂ ನಾನೇ!"

ಶೌನಕ ನಕ್ಕ. ಅವನ ಕಣ್ಣೂ ತುಂಬಿತ್ತು. "ಹಾಗಾದ್ರೆ ಇನ್ನು ಓಡೋದು ಬೇಡ ತಾನೇ?"

"ಓಡಿದ್ರೆ ಈ ಸಲ ನಾನೇ ಹಿಡ್ಕೊಂಡು ಬರ್ತೀನಿ."

"ಬೇಕಾದ್ರೆ ಈಗ್ಲೇ ಹಿಡ್ಕೊಳ್ಳಿ."

ಅವನು ಕೈ ಚಾಚಿದ. ಅಂಗೈಯಲ್ಲಿ ಬೊಬ್ಬೆಗಳು ಮಾಗಿ ಗಟ್ಟಿಯಾಗಿದ್ದವು. ಕುಹೇಲಿ ಅತ್ತೆಯತ್ತ ಒಮ್ಮೆ ನೋಡಿದಳು. ಅತ್ತೆ ಬೇಕೆಂದೇ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮುಳುಗಿದ್ದರು. ಅವಳು ಆ ಕೈ ಹಿಡಿದಳು.

"ಬನ್ನಿ. ಒಳಗೆ ಒಬ್ಬಳು ಕಾಯ್ತಿದ್ದಾಳೆ."

ಇಬ್ಬರೂ ಒಳಗೆ ಬಂದರು. ಗಾಜಿನ ಆಚೆ ಟಿಯಾ ಇನ್ನೂ ತಲೆ ತಗ್ಗಿಸಿಯೇ ಕೂತಿದ್ದಳು. ಬಾಗಿಲ ಬಳಿ ಏನೋ ಅಲುಗಿದಂತಾಗಿ ಕಣ್ಣೆತ್ತಿದಳು. ಮೊದಲು ಅಮ್ಮ ಕಂಡಳು. ಪಕ್ಕದಲ್ಲಿ ಅವನು. ಆಮೇಲೆ ಅವಳ ಕಣ್ಣು ಅವರಿಬ್ಬರ ಕೈಗಳ ಮೇಲೆ ನಿಂತಿತು, ಬಹಳ ಹೊತ್ತು.

"ರಾಣಿ, ಇನ್ನೊಂದು ಸಲ ನೋಡೋಣ್ವಾ?" ಹಿರಣ್‌ದಾ ಮೈಕಿನಲ್ಲಿ ಕೇಳಿದರು.

"ಇರಿ, ಹಿರಣ್ ಜೇಠು. ಮೊದಲು ನಾನು ಒಂದು ಮಾತು ಕೇಳ್ಬೇಕು."

ಅವಳ ಪುಟ್ಟ ದನಿ ಸ್ಪೀಕರ್‌ಗಳಲ್ಲಿ ಇಡೀ ಕೋಣೆಯನ್ನು ತುಂಬಿತು. ಹಿರಣ್‌ದಾ ಪರದೆ ಆರಿಸಿದರು. ಟಿಯಾ ಸ್ಟೂಲಿನಿಂದ ಇಳಿದು, ಹೆಡ್‌ಫೋನ್‌ನ ತಂತಿ ಎಳೆಯುವಷ್ಟು ದೂರ ಬಂದು, ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಳು. ಶೌನಕ ಈಚೆಯಿಂದ ಮಂಡಿಯೂರಿದ.

ಟಿಯಾ ಒಂದು ದೊಡ್ಡ ಉಸಿರು ತೆಗೆದುಕೊಂಡಳು.

"ಸಿನಿಮಾ ಮುಗಿದ ಮೇಲೂ... ಯಾರೂ ಹೇಳ್ಕೊಡದೇ ಇದ್ರೂ... ನಮ್ಮನೇಲೂ ನಿನ್ನನ್ನ ಬಾಬಾ ಅನ್ಬಹುದಾ?"